ಆನ್‌ಲೈನ್ ಮಾರಾಟಗಾರರ ಏಕ-ವೇದಿಕೆ ಅವಲಂಬನೆ

ಆನ್‌ಲೈನ್ ಮಾರಾಟಗಾರರ ಏಕ-ವೇದಿಕೆ ಅವಲಂಬನೆ ಎಂಬುದು ಅಂತರಜಾಲದ ಮೂಲಕ ಸರಕು ಮಾರುವ ವ್ಯಾಪಾರಿಗಳ ಆದಾಯದ ಬಹುಪಾಲು, ಅವರ ಒಡೆತನದಲ್ಲಿಲ್ಲದ ಒಂದೇ ಮಾರುಕಟ್ಟೆ ವೇದಿಕೆಯಿಂದ ಬರುವ ಸ್ಥಿತಿಯಾಗಿದೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೊದಲಾದವು ಭಾರತದಲ್ಲಿ ಇಂತಹ ವೇದಿಕೆಗಳಿಗೆ ಉದಾಹರಣೆಗಳು. ವೇದಿಕೆಯು ಗ್ರಾಹಕರನ್ನು ಒದಗಿಸುತ್ತದೆ, ಹಣವನ್ನು ಸಂಗ್ರಹಿಸುತ್ತದೆ, ಅನೇಕ ಸಂದರ್ಭಗಳಲ್ಲಿ ಸರಕನ್ನು ದಾಸ್ತಾನು ಮಾಡಿ ಮನೆಬಾಗಿಲಿಗೆ ತಲುಪಿಸುತ್ತದೆ. ಅದರೊಂದಿಗೆ ವ್ಯಾಪಾರದ ನಿಯಮಗಳನ್ನೂ ತಾನೇ ರೂಪಿಸುತ್ತದೆ. ಶುಲ್ಕದ ಏರಿಕೆ, ಹುಡುಕಾಟದ ಪಟ್ಟಿಯಲ್ಲಿ ಸ್ಥಾನದ ಕುಸಿತ ಅಥವಾ ಖಾತೆಯ ಅಮಾನತು, ಇವುಗಳಲ್ಲಿ ಯಾವುದೊಂದು ಸಂಭವಿಸಿದರೂ ಬೇರೆ ದಾರಿಯಿಲ್ಲದ ಸಣ್ಣ ವ್ಯಾಪಾರಿಯ ಜೀವನೋಪಾಯಕ್ಕೆ ಧಕ್ಕೆ ಒದಗುತ್ತದೆ.

ಈ ಅವಲಂಬನೆಯನ್ನು ತಗ್ಗಿಸುವ ಪ್ರಯತ್ನಗಳು ಎರಡು ನೆಲೆಗಳಲ್ಲಿ ನಡೆದಿವೆ. ಸ್ವಂತ ಜಾಲತಾಣ, ಹಲವು ವೇದಿಕೆಗಳಲ್ಲಿ ಮಾರಾಟ, ಗ್ರಾಹಕರೊಡನೆ ನೇರ ಸಂಬಂಧ ಮುಂತಾದವು ವ್ಯಾಪಾರಿಯೇ ಕೈಗೊಳ್ಳುವ ಕ್ರಮಗಳು. ಸ್ಪರ್ಧಾ ಕಾನೂನು, ವಿದೇಶಿ ಹೂಡಿಕೆಯ ನಿಯಮಗಳು, ಮುಕ್ತ ಜಾಲಗಳು ಮುಂತಾದವು ಸರ್ಕಾರ ಮತ್ತು ಸಾರ್ವಜನಿಕ ಸಂಸ್ಥೆಗಳು ಕೈಗೊಳ್ಳುವ ಕ್ರಮಗಳು. ವೇದಿಕೆಯನ್ನು ಸಂಪೂರ್ಣವಾಗಿ ತ್ಯಜಿಸುವುದು ಬಹುಪಾಲು ಸಣ್ಣ ವ್ಯಾಪಾರಿಗಳಿಗೆ ಸಾಧ್ಯವೂ ಅಲ್ಲ, ಲಾಭದಾಯಕವೂ ಅಲ್ಲ. ಆದುದರಿಂದ ಪ್ರಶ್ನೆಯಿರುವುದು ವೇದಿಕೆಯಲ್ಲಿ ಇರಬೇಕೇ ಬೇಡವೇ ಎಂಬುದರಲ್ಲಿ ಅಲ್ಲ, ಅದು ಒಂದು ದಿನ ಬಾಗಿಲು ಮುಚ್ಚಿದರೆ ವ್ಯಾಪಾರ ಉಳಿಯುತ್ತದೆಯೇ ಎಂಬುದರಲ್ಲಿ.

ಹಿನ್ನೆಲೆ

ಕರ್ನಾಟಕದ ಗ್ರಾಮೀಣ ವ್ಯಾಪಾರಕ್ಕೆ ವಾರದ ಸಂತೆ ಹಳೆಯ ನೆಲೆ. ಸಂತೆಯಲ್ಲಿ ಅಂಗಡಿ ಹೂಡುವವರು ಸುಂಕ ತೆರುತ್ತಾರೆ. ಆದರೆ ಸೋಮವಾರ ಒಂದೂರಿನ ಸಂತೆ, ಮಂಗಳವಾರ ಮತ್ತೊಂದೂರಿನ ಸಂತೆ ಎಂದು ತಿರುಗುವ ವ್ಯಾಪಾರಿಗೆ ಒಂದು ಸಂತೆ ಕೈಕೊಟ್ಟರೆ ಇನ್ನೊಂದು ಇರುತ್ತದೆ. ಕೊಳ್ಳುವವರ ಮುಖಪರಿಚಯವೂ ವ್ಯಾಪಾರಿಯದೇ ಆಗಿರುತ್ತದೆ. ಆನ್‌ಲೈನ್ ಮಾರುಕಟ್ಟೆಯು ಸಂತೆಯ ವಿಸ್ತಾರವನ್ನು ದೇಶದಷ್ಟು ಹಿಗ್ಗಿಸಿತು. ಆದರೆ ಈ ಎರಡು ರಕ್ಷಣೆಗಳು, ಅಂದರೆ ಬೇರೆ ಸಂತೆಯ ಆಯ್ಕೆ ಮತ್ತು ಗ್ರಾಹಕರ ಪರಿಚಯ, ಅದರಲ್ಲಿ ದುರ್ಬಲಗೊಂಡವು.

ಭಾರತದಲ್ಲಿ ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾಯಿತು. ಅಮೆಜಾನ್ 2013ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆ ವೇದಿಕೆಯನ್ನು ತೆರೆಯಿತು. ಬೆಂಗಳೂರಿನ ಮತ್ತೊಂದು ಕಂಪನಿ ಮೀಶೋ 2015ರಲ್ಲಿ ಸ್ಥಾಪನೆಗೊಂಡಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್‌ಗಳಿಗೆ ಫ್ಲಿಪ್‌ಕಾರ್ಟ್‌ನ ಸುಮಾರು ಶೇಕಡಾ 77ರಷ್ಟು ಪಾಲನ್ನು ಖರೀದಿಸಿತು. ಹೀಗೆ ದೇಶದ ಆನ್‌ಲೈನ್ ಚಿಲ್ಲರೆ ವ್ಯಾಪಾರದ ದೊಡ್ಡ ಭಾಗವು ವಿದೇಶಿ ಬಂಡವಾಳದ ಕೆಲವೇ ಕಂಪನಿಗಳ ಕೈಗೆ ಬಂದಿತು.

ಈ ವ್ಯಾಪಾರದ ಸ್ವರೂಪವನ್ನು ವಿದೇಶಿ ನೇರ ಹೂಡಿಕೆಯ ನಿಯಮಗಳೂ ನಿರ್ಧರಿಸಿವೆ. 2016ರ ಮಾರ್ಚ್‌ನಲ್ಲಿ ಹೊರಡಿಸಿದ ಸರ್ಕಾರಿ ಟಿಪ್ಪಣಿಯು ಮಾರುಕಟ್ಟೆ ಮಾದರಿಯಲ್ಲಿ ಶೇಕಡಾ 100ರಷ್ಟು ವಿದೇಶಿ ಹೂಡಿಕೆಗೆ ಅವಕಾಶ ನೀಡಿ, ತಾನೇ ಸರಕು ಕೊಂಡು ಮಾರುವ ದಾಸ್ತಾನು ಮಾದರಿಯಲ್ಲಿ ಅದನ್ನು ನಿಷೇಧಿಸಿತು. ಆದುದರಿಂದ ವಿದೇಶಿ ಹೂಡಿಕೆಯುಳ್ಳ ವೇದಿಕೆಗಳು ಇತರ ಮಾರಾಟಗಾರರ ಸರಕನ್ನೇ ಮಾರಾಟಕ್ಕಿಡಬೇಕಾಯಿತು. ವೇದಿಕೆಗೆ ಮಾರಾಟಗಾರರು ಬೇಕು, ಮಾರಾಟಗಾರರಿಗೆ ವೇದಿಕೆ ಬೇಕು ಎಂಬ ಪರಸ್ಪರ ಅಗತ್ಯ ಇಲ್ಲಿದೆ. ಆದರೆ ಈ ಅಗತ್ಯ ಸಮಬಲದ್ದಲ್ಲ. ಲಕ್ಷಾಂತರ ಮಾರಾಟಗಾರರಲ್ಲಿ ಒಬ್ಬರು ಹೊರಟುಹೋದರೆ ವೇದಿಕೆಗೆ ನಷ್ಟವಿಲ್ಲ. ವೇದಿಕೆಯಿಂದ ಹೊರಬಿದ್ದ ಮಾರಾಟಗಾರರಿಗೆ ಬಹುಪಾಲು ಆದಾಯವೇ ನಿಂತುಹೋಗಬಹುದು.

ಅವಲಂಬನೆಯ ಸ್ವರೂಪ

ಏಕ-ವೇದಿಕೆ ಅವಲಂಬನೆಯನ್ನು ನಾಲ್ಕು ಬೇರೆ ಬೇರೆ ಬಂಧಗಳಾಗಿ ವಿಂಗಡಿಸಿ ನೋಡಬಹುದು. ಇವುಗಳಲ್ಲಿ ಒಂದನ್ನು ಸಡಿಲಿಸಿದ ಮಾತ್ರಕ್ಕೆ ಉಳಿದವು ಸಡಿಲಗೊಳ್ಳುವುದಿಲ್ಲ.

ಮೊದಲನೆಯದು ಕಾಣಿಸಿಕೊಳ್ಳುವಿಕೆ. ಗ್ರಾಹಕರು ಸರಕಿನ ಹೆಸರನ್ನು ಹುಡುಕಿದಾಗ ಮೊದಲ ಪುಟದಲ್ಲಿ ಯಾರ ಸರಕು ಕಾಣಬೇಕೆಂಬುದನ್ನು ವೇದಿಕೆಯ ಗಣಕ ಸೂತ್ರಗಳು ನಿರ್ಧರಿಸುತ್ತವೆ. ಒಂದೇ ಸರಕನ್ನು ಅನೇಕರು ಮಾರುವಾಗ ‘ಈಗಲೇ ಕೊಳ್ಳಿ’ ಎಂಬ ಗುಂಡಿಯ ಹಿಂದೆ ಯಾರಿರಬೇಕೆಂಬುದೂ ಹಾಗೆಯೇ ತೀರ್ಮಾನವಾಗುತ್ತದೆ. ಮೇಲಿನ ಸ್ಥಾನಕ್ಕಾಗಿ ವೇದಿಕೆಯೊಳಗೇ ಜಾಹೀರಾತು ಕೊಳ್ಳುವ ಪದ್ಧತಿ ಬೆಳೆದಂತೆ, ಕಮಿಷನ್ ಹೆಚ್ಚದಿದ್ದರೂ ಮಾರಾಟದ ವೆಚ್ಚ ಹೆಚ್ಚುತ್ತದೆ.

ಎರಡನೆಯದು ಸರಕಿನ ಸಾಗಣೆ. ವೇದಿಕೆಯ ಗೋದಾಮಿನಲ್ಲಿ ಸರಕಿಟ್ಟರೆ ವೇಗವಾಗಿ ತಲುಪಿಸುವ ಭರವಸೆಯ ಗುರುತು ದೊರೆಯುತ್ತದೆ. ಆದರೆ ಆ ದಾಸ್ತಾನನ್ನು ಬೇರೆ ಕಡೆಯ ಮಾರಾಟಕ್ಕೆ ಬಳಸುವುದು ಕಷ್ಟವಾಗುತ್ತದೆ ಅಥವಾ ದುಬಾರಿಯಾಗುತ್ತದೆ.

ಮೂರನೆಯದು ಹಣ. ಗ್ರಾಹಕರು ಕೊಟ್ಟ ಹಣ ಮೊದಲು ವೇದಿಕೆಗೆ ಸೇರಿ, ಶುಲ್ಕ ಮತ್ತು ಹಿಂತಿರುಗಿಸಿದ ಸರಕಿನ ಮೊತ್ತ ಕಳೆದು, ನಿಗದಿತ ದಿನಗಳ ನಂತರ ಮಾರಾಟಗಾರರಿಗೆ ಸಂದಾಯವಾಗುತ್ತದೆ. ಖಾತೆ ಅಮಾನತಾದಾಗ ಈ ಬಾಕಿ ಹಣವೂ ತಡೆಹಿಡಿಯಲ್ಪಡಬಹುದು.

ನಾಲ್ಕನೆಯದು ಗ್ರಾಹಕರ ಪರಿಚಯ. ಕೊಂಡವರ ಹೆಸರು, ಸಂಪರ್ಕ, ಕೊಳ್ಳುವ ಅಭ್ಯಾಸ, ಬರೆದ ವಿಮರ್ಶೆ, ಕೊಟ್ಟ ಅಂಕ ಇವೆಲ್ಲ ವೇದಿಕೆಯ ಬಳಿ ಉಳಿಯುತ್ತವೆ. ಮಾರಾಟಗಾರರು ಹತ್ತು ವರ್ಷ ದುಡಿದು ಗಳಿಸಿದ ಸಾವಿರಾರು ಒಳ್ಳೆಯ ವಿಮರ್ಶೆಗಳನ್ನು ಬೇರೆ ವೇದಿಕೆಗೆ ಒಯ್ಯುವಂತಿಲ್ಲ. ನಾಲ್ಕು ಬಂಧಗಳಲ್ಲಿ ಇದೇ ಗಾಢವಾದುದು. ಗೋದಾಮನ್ನು ಬಾಡಿಗೆಗೆ ಪಡೆಯಬಹುದು, ಹಣ ಪಾವತಿಯ ಸೇವೆಯನ್ನು ಬದಲಿಸಬಹುದು. ಆದರೆ ಕಳೆದುಹೋದ ಗ್ರಾಹಕರನ್ನು ಮತ್ತೆ ಮೊದಲಿನಿಂದ ಸಂಪಾದಿಸಬೇಕು.

ಅಪಾಯ ಪ್ರಕಟವಾದ ಸಂದರ್ಭಗಳು

2020ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕ ಹರಡಿದಾಗ ಅಮೆಜಾನ್ ಅಮೆರಿಕ ಮತ್ತು ಯುರೋಪಿನ ತನ್ನ ಗೋದಾಮುಗಳಿಗೆ ಅಗತ್ಯ ವಸ್ತುಗಳಲ್ಲದ ಸರಕಿನ ಹೊಸ ರವಾನೆಯನ್ನು ಕೆಲವು ವಾರಗಳ ಕಾಲ ನಿಲ್ಲಿಸಿತು. ಜನರಿಗೆ ಔಷಧ, ದಿನಸಿ ಮೊದಲು ತಲುಪಲಿ ಎಂಬ ಉದ್ದೇಶ ಸಹಜವಾಗಿತ್ತು. ಆದರೆ ಸಾಗಣೆಗೆ ಆ ಗೋದಾಮುಗಳನ್ನೇ ನೆಚ್ಚಿದ್ದ ವ್ಯಾಪಾರಿಗಳು ತಮ್ಮ ತಪ್ಪಿಲ್ಲದೆಯೇ ಹೊಸ ದಾಸ್ತಾನು ಕಳುಹಿಸಲಾರದ ಸ್ಥಿತಿಗೆ ಬಂದರು. ಸ್ವಂತವಾಗಿ ಪಾರ್ಸೆಲ್ ಕಳುಹಿಸುವ ವ್ಯವಸ್ಥೆಯಿದ್ದವರು ವ್ಯಾಪಾರ ಮುಂದುವರಿಸಿದರು.

2021ರಲ್ಲಿ ಅಮೆಜಾನ್ ಚೀನಾದ ಸುಮಾರು 600 ಬ್ರಾಂಡ್‌ಗಳಿಗೆ ಸೇರಿದ ಸುಮಾರು 3,000 ಮಾರಾಟ ಖಾತೆಗಳನ್ನು ಮುಚ್ಚಿತು. ವಿಮರ್ಶೆಗಳನ್ನು ಅಕ್ರಮವಾಗಿ ಪಡೆಯುವುದೂ ಸೇರಿದಂತೆ ನಿಯಮಗಳ ಪುನರಾವರ್ತಿತ ಉಲ್ಲಂಘನೆ ಇದಕ್ಕೆ ನೀಡಿದ ಕಾರಣ. ಶೆನ್‌ಜೆನ್ ನಗರದ ಅನೇಕ ರಫ್ತು ವ್ಯಾಪಾರಗಳು ಇದರಿಂದ ತತ್ತರಿಸಿದವು. ಈ ಪ್ರಕರಣದಲ್ಲಿ ವೇದಿಕೆಯ ಕ್ರಮ ಗ್ರಾಹಕರ ಹಿತಕ್ಕೆ ಪೂರಕವಾಗಿತ್ತೆಂದು ವಾದಿಸಬಹುದು. ಆದರೂ ದೊಡ್ಡ ಸಂಖ್ಯೆಯ ಕಾರ್ಮಿಕರು ಮತ್ತು ಪೂರೈಕೆದಾರರ ಬದುಕು ಒಂದು ಕಂಪನಿಯ ಆಂತರಿಕ ತೀರ್ಮಾನದ ಮೇಲೆ ನಿಂತಿತ್ತೆಂಬುದು ಅದರಿಂದ ಸ್ಪಷ್ಟವಾಯಿತು. ಇದಾದ ಬಳಿಕ ಚೀನಾದ ರಫ್ತು ವ್ಯಾಪಾರಿಗಳಲ್ಲಿ ಸ್ವಂತ ಜಾಲತಾಣದ ಬಗ್ಗೆ ಆಸಕ್ತಿ ಹೆಚ್ಚಿತು.

ಅವಲಂಬನೆಯ ಅಳತೆ

ಅವಲಂಬನೆಯನ್ನು ಅಂದಾಜಿಸಲು ಅರ್ಥಶಾಸ್ತ್ರದಲ್ಲಿ ಮಾರುಕಟ್ಟೆಯ ಸಾಂದ್ರತೆಗೆ ಬಳಸುವ ಹರ್ಫಿಂಡಾಲ್ ಸೂಚ್ಯಂಕವನ್ನು ಒಂದು ವ್ಯಾಪಾರದ ಆದಾಯಕ್ಕೂ ಅನ್ವಯಿಸಬಹುದು. ಪ್ರತಿಯೊಂದು ಮೂಲದಿಂದ ಬರುವ ಆದಾಯದ ಪಾಲನ್ನು ವರ್ಗ ಮಾಡಿ ಕೂಡಿಸಬೇಕು. ಒಂದು ವೇದಿಕೆಯಿಂದ ಶೇಕಡಾ 90, ಮತ್ತೊಂದರಿಂದ ಶೇಕಡಾ 10ರಷ್ಟು ಆದಾಯವಿದ್ದರೆ ಸೂಚ್ಯಂಕ 0.81 ಮತ್ತು 0.01 ಸೇರಿ 0.82 ಆಗುತ್ತದೆ. ಆದಾಯವು ಮೂರು ಮೂಲಗಳಿಂದ ಶೇಕಡಾ 50, 30 ಮತ್ತು 20ರಂತೆ ಬಂದರೆ ಅದು 0.38ಕ್ಕೆ ಇಳಿಯುತ್ತದೆ. ಸೂಚ್ಯಂಕ 1 ಆದರೆ ಪೂರ್ಣ ಅವಲಂಬನೆ ಎಂದರ್ಥ.

ಈ ಅಳತೆಗೆ ಮಿತಿಯಿದೆ. ಮೂರು ಕಡೆ ಮಾರಿದರೂ ಮೂರಕ್ಕೂ ಒಂದೇ ವೇದಿಕೆಯ ಗೋದಾಮಿನಿಂದ ಸರಕು ಹೋಗುತ್ತಿದ್ದರೆ ಅವು ನಿಜವಾಗಿ ಸ್ವತಂತ್ರ ಮೂಲಗಳಲ್ಲ. ಮಾರಾಟದ ಮೊತ್ತದ ಬದಲು ಲಾಭದ ಪಾಲನ್ನು ಲೆಕ್ಕ ಹಾಕಿದಾಗ ಚಿತ್ರವೇ ಬದಲಾಗುವುದೂ ಉಂಟು. ಆದುದರಿಂದ ಮುಖ್ಯ ವೇದಿಕೆಯ ಆದಾಯ ನಾಳೆಯೇ ನಿಂತರೆ, ಕೈಯಲ್ಲಿರುವ ಹಣ ಮತ್ತು ಉಳಿದ ಮೂಲಗಳ ಆದಾಯದಿಂದ ಸಂಬಳ, ಬಾಡಿಗೆ, ಸಾಲದ ಕಂತುಗಳನ್ನು ಎಷ್ಟು ತಿಂಗಳು ತೆರಬಹುದು ಎಂಬ ಸರಳ ಪ್ರಶ್ನೆ ಹೆಚ್ಚು ಉಪಯುಕ್ತ.

ವ್ಯಾಪಾರಿಗಳು ಅನುಸರಿಸುವ ಮಾರ್ಗಗಳು

ಹಲವು ವೇದಿಕೆಗಳಲ್ಲಿ ಮಾರಾಟ: ಒಂದಕ್ಕಿಂತ ಹೆಚ್ಚು ಮಾರುಕಟ್ಟೆಗಳಲ್ಲಿ ಸರಕನ್ನು ಇಡುವುದು ಮೊದಲ ಮತ್ತು ಸುಲಭವಾದ ಹೆಜ್ಜೆ. ವೇದಿಕೆಗಳ ನಡುವೆ ಪೈಪೋಟಿ ಇದ್ದಾಗ ಶುಲ್ಕವೂ ಇಳಿಯುತ್ತದೆ. ಮೀಶೋ 2021ರಲ್ಲಿ ಮಾರಾಟಗಾರರಿಗೆ ಶೂನ್ಯ ಕಮಿಷನ್ ಘೋಷಿಸಿತು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ ಭಾರತದಲ್ಲಿ ₹300ಕ್ಕಿಂತ ಕಡಿಮೆ ಬೆಲೆಯ ಅನೇಕ ವರ್ಗಗಳ ಸರಕಿನ ಮೇಲಿನ ಕಮಿಷನ್ ತೆಗೆದುಹಾಕಿತು. ಆದರೆ ಕಮಿಷನ್ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಸಾಗಣೆ, ಜಾಹೀರಾತು, ಹಿಂತಿರುಗಿಕೆಯ ವೆಚ್ಚಗಳನ್ನು ಸೇರಿಸಿಯೇ ಹೋಲಿಸಬೇಕಾಗುತ್ತದೆ. ಹಲವು ಕಡೆ ಮಾರುವವರು ದಾಸ್ತಾನಿನ ಲೆಕ್ಕವನ್ನು ಒಂದೇ ಕಡೆ ಇಡದಿದ್ದರೆ, ಇಲ್ಲದ ಸರಕಿಗೆ ಆರ್ಡರು ಬಂದು, ರದ್ದುಪಡಿಸಿದ ಕಾರಣಕ್ಕೆ ಅಂಕ ಕಳೆದುಕೊಳ್ಳುವ ತೊಂದರೆಯೂ ಇದೆ.

ಸ್ವಂತ ಜಾಲತಾಣ: ಕೆನಡಾ ಮೂಲದ ಶಾಪಿಫೈ, ಮುಕ್ತ ತಂತ್ರಾಂಶವಾದ ವೂಕಾಮರ್ಸ್ ಮೊದಲಾದವುಗಳಿಂದ ಸ್ವಂತ ಅಂಗಡಿಯ ಪುಟ ಕಟ್ಟುವುದು ಸುಲಭವಾಗಿದೆ. 2016ರಲ್ಲಿ ಆರಂಭವಾದ ಯುಪಿಐ ಪಾವತಿ ವ್ಯವಸ್ಥೆಯಿಂದ ಹಣ ಪಡೆಯುವುದೂ ಸುಲಭ. ಕಷ್ಟವಿರುವುದು ಗ್ರಾಹಕರನ್ನು ಅಲ್ಲಿಗೆ ಕರೆತರುವುದರಲ್ಲಿ. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಅರಿಯಬಹುದು. ₹1,000 ಬೆಲೆಯ ಸರಕಿಗೆ ವೇದಿಕೆಯಲ್ಲಿ ಎಲ್ಲ ಶುಲ್ಕ, ಸಾಗಣೆ, ಜಾಹೀರಾತು ಸೇರಿ ₹250 ಖರ್ಚಾಗುತ್ತದೆಂದು ಭಾವಿಸೋಣ. ಸ್ವಂತ ಜಾಲತಾಣದಲ್ಲಿ ಪಾವತಿ ಸೇವೆಗೆ ₹20, ಕೊರಿಯರ್‌ಗೆ ₹90, ಹೊಸ ಗ್ರಾಹಕರನ್ನು ಸೆಳೆಯುವ ಜಾಹೀರಾತಿಗೆ ₹200 ಹೀಗೆ ₹310 ಆಗುತ್ತದೆ ಎನ್ನೋಣ. ಮೊದಲ ಮಾರಾಟದಲ್ಲಿ ವೇದಿಕೆಯೇ ಅಗ್ಗ. ಅದೇ ಗ್ರಾಹಕರು ಜಾಹೀರಾತಿಲ್ಲದೆ ಎರಡನೆಯ ಬಾರಿ ಬಂದರೆ ಖರ್ಚು ₹110 ಮಾತ್ರ. ಎರಡು ಮಾರಾಟಗಳಿಗೆ ವೇದಿಕೆಯಲ್ಲಿ ₹500, ಸ್ವಂತ ತಾಣದಲ್ಲಿ ₹420.

ಈ ಲೆಕ್ಕದಿಂದ ತಿಳಿಯುವುದೇನೆಂದರೆ, ಸ್ವಂತ ತಾಣದ ಲಾಭ ಮರಳಿ ಬರುವ ಗ್ರಾಹಕರಲ್ಲಿದೆ. ಕೊಡಗು ಅಥವಾ ಚಿಕ್ಕಮಗಳೂರಿನ ಕಾಫಿ ಪುಡಿ, ಅಗರಬತ್ತಿ, ಉಪ್ಪಿನಕಾಯಿಯಂತಹ, ತಿಂಗಳು ತಿಂಗಳೂ ಬೇಕಾಗುವ ಸರಕಿಗೆ ಅದು ಹೊಂದುತ್ತದೆ. ಉಡುಗೊರೆಗೆಂದು ಒಮ್ಮೆ ಕೊಳ್ಳುವ ಚನ್ನಪಟ್ಟಣದ ಬೊಂಬೆಯಂತಹ ಸರಕಿಗೆ ಹೊಸ ಗ್ರಾಹಕರನ್ನು ತೋರಿಸಿಕೊಡುವ ವೇದಿಕೆಯ ನೆರವು ಹೆಚ್ಚು ಕಾಲ ಬೇಕಾಗುತ್ತದೆ. ನಗದು ಪಾವತಿಯ ಆರ್ಡರುಗಳಲ್ಲಿ ಗ್ರಾಹಕರು ಪಾರ್ಸೆಲ್ ಸ್ವೀಕರಿಸದೆ ಹಿಂದಿರುಗಿಸಿದರೆ ಎರಡೂ ಕಡೆಯ ಸಾಗಣೆ ವೆಚ್ಚ ಸ್ವಂತ ತಾಣದ ಮಾಲೀಕರ ಮೇಲೆಯೇ ಬೀಳುತ್ತದೆ.

ಹೆಸರು ಮತ್ತು ಗ್ರಾಹಕರ ಪಟ್ಟಿ: ವೇದಿಕೆಯಿಂದ ವೇದಿಕೆಗೆ ಒಯ್ಯಬಹುದಾದ ಆಸ್ತಿ ಎಂದರೆ ಹೆಸರು. ಸಣ್ಣ ಉದ್ಯಮಗಳು ಮತ್ತು ವ್ಯಕ್ತಿಗಳಿಗೆ ಭಾರತದಲ್ಲಿ ವ್ಯಾಪಾರ ಚಿಹ್ನೆಯ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ ₹4,500 ಆಗಿದ್ದು, ಇತರರಿಗೆ ನಿಗದಿಯಾದ ₹9,000ದ ಅರ್ಧದಷ್ಟಿದೆ. ಜಾಲತಾಣದ ವಿಳಾಸ ಮತ್ತು ಚಿಹ್ನೆ ಎರಡೂ ಮಾರಾಟಗಾರರ ಹೆಸರಿನಲ್ಲೇ ನೋಂದಣಿಯಾಗಿರುವುದು ಮುಖ್ಯ. ವೇದಿಕೆಯ ಮೂಲಕ ಬಂದ ಗ್ರಾಹಕರನ್ನು ಪಾರ್ಸೆಲಿನೊಳಗಿನ ಚೀಟಿಯ ಮೂಲಕ ಹೊರಗೆ ಸೆಳೆಯುವುದನ್ನು ದೊಡ್ಡ ವೇದಿಕೆಗಳ ನಿಯಮಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ಹಾಗೆ ಮಾಡಿ ಖಾತೆ ಕಳೆದುಕೊಳ್ಳುವ ಸಂಭವವಿದೆ. ಮೇಳ, ಅಂಗಡಿ, ಸಾಮಾಜಿಕ ಮಾಧ್ಯಮಗಳಲ್ಲಿ ನೇರವಾಗಿ ಪರಿಚಯವಾದವರ ಪಟ್ಟಿಯನ್ನು ಅವರ ಒಪ್ಪಿಗೆಯಿಂದ ಇಟ್ಟುಕೊಳ್ಳುವುದು ಸರಿಯಾದ ಮಾರ್ಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನು ಮುಖ್ಯ ತತ್ವವಾಗಿ ಸ್ವೀಕರಿಸಿದೆ.

ಕಾನೂನು ಮತ್ತು ನೀತಿ: ಭಾರತ

2018ರ ಡಿಸೆಂಬರ್ 26ರಂದು ಹೊರಡಿಸಿ 2019ರ ಫೆಬ್ರವರಿ 1ರಿಂದ ಜಾರಿಗೆ ತಂದ ವಿದೇಶಿ ಹೂಡಿಕೆ ಟಿಪ್ಪಣಿಯು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ವೇದಿಕೆ ಅಥವಾ ಅದರ ಸಮೂಹದ ಕಂಪನಿಗಳು ಷೇರು ಹೊಂದಿರುವ ಮಾರಾಟಗಾರರು ಅದೇ ವೇದಿಕೆಯಲ್ಲಿ ಮಾರುವಂತಿಲ್ಲ. ತನ್ನಲ್ಲಿ ಮಾತ್ರವೇ ಮಾರಬೇಕೆಂದು ವೇದಿಕೆಯು ಯಾವ ಮಾರಾಟಗಾರರನ್ನೂ ಕಟ್ಟಿಹಾಕುವಂತಿಲ್ಲ. ಗೋದಾಮು, ಸಾಗಣೆ ಮುಂತಾದ ಸೇವೆಗಳನ್ನು ನ್ಯಾಯಯುತವಾಗಿ, ತಾರತಮ್ಯವಿಲ್ಲದೆ ಒದಗಿಸಬೇಕು ಎಂಬುವು ಅದರ ಮುಖ್ಯಾಂಶಗಳು. ಮಾರಾಟಗಾರರು ತಮ್ಮ ಖರೀದಿಯ ಶೇಕಡಾ 25ಕ್ಕಿಂತ ಹೆಚ್ಚನ್ನು ವೇದಿಕೆಯ ಸಮೂಹದಿಂದಲೇ ಪಡೆದರೆ ಅವರ ದಾಸ್ತಾನು ವೇದಿಕೆಯ ನಿಯಂತ್ರಣದಲ್ಲಿದೆಯೆಂದು ಪರಿಗಣಿಸಲಾಗುತ್ತದೆ.

ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಪ್ರಕಟಿಸಿದ ಇ-ವಾಣಿಜ್ಯ ಮಾರುಕಟ್ಟೆಯ ಅಧ್ಯಯನದಲ್ಲಿ ವೇದಿಕೆಯ ನಿಷ್ಪಕ್ಷಪಾತ, ಏಕಪಕ್ಷೀಯ ಒಪ್ಪಂದಗಳು, ಬೆಲೆ ಸಮಾನತೆಯ ಷರತ್ತು, ವಿಶೇಷ ಮಾರಾಟ ಒಪ್ಪಂದ ಮತ್ತು ಭಾರೀ ರಿಯಾಯಿತಿ ಎಂಬ ಸಮಸ್ಯೆಗಳನ್ನು ಗುರುತಿಸಿತು. ಅದೇ ತಿಂಗಳ 13ರಂದು, ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ, ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರಿಗೆ ಆದ್ಯತೆ ನೀಡುತ್ತಿವೆಯೇ ಎಂಬುದರ ತನಿಖೆಗೆ ಆದೇಶಿಸಿತು.

ಈ ತನಿಖೆಯ ಕಾನೂನು ಹೋರಾಟದ ಮುಖ್ಯ ಕಣವಾದುದು ಕರ್ನಾಟಕ ಹೈಕೋರ್ಟ್. 2020ರ ಫೆಬ್ರವರಿ 14ರಂದು ಅದು ತನಿಖೆಗೆ ಮಧ್ಯಂತರ ತಡೆ ನೀಡಿತು. 2021ರ ಜೂನ್ 11ರಂದು ಏಕಸದಸ್ಯ ಪೀಠ ಕಂಪನಿಗಳ ಅರ್ಜಿಗಳನ್ನು ವಜಾಗೊಳಿಸಿತು. ಜುಲೈ 23ರಂದು ವಿಭಾಗೀಯ ಪೀಠವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. ಎರಡೂ ಕಂಪನಿಗಳು ಸ್ಪರ್ಧಾ ಕಾನೂನನ್ನು ಉಲ್ಲಂಘಿಸಿವೆಯೆಂದು ತನಿಖಾ ವರದಿಗಳು ಅಭಿಪ್ರಾಯಪಟ್ಟಿರುವುದಾಗಿ 2024ರಲ್ಲಿ ಸುದ್ದಿ ಮಾಧ್ಯಮಗಳು ತಿಳಿಸಿದವು. ಕಂಪನಿಗಳು ತಾವು ಕಾನೂನನ್ನು ಪಾಲಿಸುತ್ತಿರುವುದಾಗಿ ಹೇಳುತ್ತ ಬಂದಿವೆ. ನಂತರ ವಿವಿಧ ಹೈಕೋರ್ಟ್‌ಗಳಲ್ಲಿ ಹೂಡಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್‌ಗೆ ವರ್ಗಾಯಿಸಿತು. ದೂರು ದಾಖಲಾದ ನಂತರ ವರ್ಷಗಳು ಉರುಳುವ ಈ ಕ್ರಮವು ದೊಡ್ಡ ಕಂಪನಿಗಳಿಗೆ ಸಹ್ಯವಾದರೂ ತಿಂಗಳ ಆದಾಯವನ್ನು ನಂಬಿದ ಸಣ್ಣ ವ್ಯಾಪಾರಿಗಳಿಗೆ ಪರಿಹಾರವಾಗುವುದಿಲ್ಲ.

2020ರ ಜುಲೈನಲ್ಲಿ ಅಧಿಸೂಚಿತವಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, ಹುಡುಕಾಟದ ಪಟ್ಟಿಯಲ್ಲಿ ಸ್ಥಾನ ನಿರ್ಧರಿಸುವ ಮುಖ್ಯ ಮಾನದಂಡಗಳನ್ನು ವೇದಿಕೆಗಳು ಸರಳ ಭಾಷೆಯಲ್ಲಿ ತಿಳಿಸಬೇಕೆಂದು ವಿಧಿಸಿವೆ. ಆದರೆ ಇವು ಮೂಲತಃ ಗ್ರಾಹಕರ ರಕ್ಷಣೆಗೆ ರೂಪಿತವಾದವು. ಮಾರಾಟಗಾರರ ಖಾತೆ ಮುಚ್ಚುವ ಮುನ್ನ ಇಷ್ಟು ದಿನಗಳ ನೋಟಿಸ್ ನೀಡಬೇಕೆಂಬ ನಿಬಂಧನೆ ಅವುಗಳಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಬಹಿರಂಗವಾದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು, ಹಾನಿ ಸಂಭವಿಸಿದ ನಂತರ ತನಿಖೆ ನಡೆಸುವ ಬದಲು, ದೊಡ್ಡ ವೇದಿಕೆಗಳಿಗೆ ಮುಂಚಿತವಾಗಿಯೇ ಕರ್ತವ್ಯಗಳನ್ನು ವಿಧಿಸುವ ಪ್ರಸ್ತಾಪ ಮಾಡಿತು. ತನ್ನದೇ ಸರಕಿಗೆ ಆದ್ಯತೆ ನೀಡದಿರುವುದು, ಮಾರಾಟಗಾರರ ಗೋಪ್ಯ ದತ್ತಾಂಶವನ್ನು ಅವರೊಡನೆ ಪೈಪೋಟಿಗೆ ಬಳಸದಿರುವುದು ಇವುಗಳಲ್ಲಿ ಸೇರಿವೆ.

ಇತರ ದೇಶಗಳು

ಐರೋಪ್ಯ ಒಕ್ಕೂಟವು ಮಾರಾಟಗಾರರನ್ನೇ ಗಮನದಲ್ಲಿಟ್ಟು ರೂಪಿಸಿದ ನಿಯಮಾವಳಿ 2020ರ ಜುಲೈ 12ರಿಂದ ಅನ್ವಯವಾಗಿದೆ. ಅದರಂತೆ ಖಾತೆಯನ್ನು ಅಮಾನತುಗೊಳಿಸಿದರೆ ಕಾರಣ ತಿಳಿಸಬೇಕು. ಸಂಪೂರ್ಣವಾಗಿ ರದ್ದುಪಡಿಸುವುದಕ್ಕೆ ಸಾಮಾನ್ಯವಾಗಿ 30 ದಿನ ಮುಂಚಿತವಾಗಿ, ಷರತ್ತುಗಳನ್ನು ಬದಲಿಸುವುದಕ್ಕೆ ಕನಿಷ್ಠ 15 ದಿನ ಮುಂಚಿತವಾಗಿ ತಿಳಿವಳಿಕೆ ನೀಡಬೇಕು. 2022ರ ಡಿಸೆಂಬರ್‌ನಲ್ಲಿ ಅಮೆಜಾನ್, ಮಾರಾಟಗಾರರ ಗೋಪ್ಯ ದತ್ತಾಂಶವನ್ನು ತನ್ನ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲವೆಂದು ಐರೋಪ್ಯ ಆಯೋಗಕ್ಕೆ ವಚನ ನೀಡಿತು. 2024ರ ಮಾರ್ಚ್‌ನಿಂದ ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯು, ಬೇರೆಡೆ ಕಡಿಮೆ ಬೆಲೆಗೆ ಮಾರಬಾರದೆಂಬ ಷರತ್ತನ್ನು ದೊಡ್ಡ ವೇದಿಕೆಗಳು ವಿಧಿಸದಂತೆ ತಡೆದಿದೆ. ಈ ಷರತ್ತು ಮಹತ್ವದ್ದು. ಏಕೆಂದರೆ ಕಡಿಮೆ ಶುಲ್ಕದ ಸ್ವಂತ ತಾಣದಲ್ಲಿ ಬೆಲೆ ಇಳಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ಗ್ರಾಹಕರು ಅಲ್ಲಿಗೆ ಬರಲು ಕಾರಣವೇ ಇರುವುದಿಲ್ಲ.

ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 17 ರಾಜ್ಯಗಳೊಡನೆ ಸೇರಿ 2023ರ ಸೆಪ್ಟೆಂಬರ್ 26ರಂದು ಅಮೆಜಾನ್ ವಿರುದ್ಧ ಮೊಕದ್ದಮೆ ಹೂಡಿತು. ಬೇರೆಡೆ ಬೆಲೆ ಇಳಿಸುವವರನ್ನು ಶಿಕ್ಷಿಸುವುದು, ಗೋದಾಮು ಸೇವೆ ಕೊಳ್ಳುವಂತೆ ಒತ್ತಾಯಿಸುವುದು ಮುಂತಾದ ಆರೋಪಗಳು ಅದರಲ್ಲಿದ್ದು, ಎಲ್ಲ ಶುಲ್ಕಗಳೂ ಸೇರಿ ಅನೇಕ ಮಾರಾಟಗಾರರು ಆದಾಯದ ಸುಮಾರು ಅರ್ಧವನ್ನು ತೆರಬೇಕಾಗಿದೆ ಎಂದು ಆಯೋಗ ವಾದಿಸಿತು. ಅಮೆಜಾನ್ ಇದನ್ನು ಅಲ್ಲಗಳೆದಿದೆ. ಚೀನಾದಲ್ಲಿ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ಮಾರಾಟಗಾರರನ್ನು ಬಲವಂತಪಡಿಸಿದ ಕಾರಣಕ್ಕೆ ಆಲಿಬಾಬಾ ಕಂಪನಿಗೆ 2021ರ ಏಪ್ರಿಲ್ 10ರಂದು ಸುಮಾರು 1,823 ಕೋಟಿ ಯುವಾನ್ ದಂಡ ವಿಧಿಸಲಾಯಿತು.

ಮುಕ್ತ ಜಾಲದ ಪ್ರಯೋಗ

ಕಂಪನಿಗಳಿಗೆ ನಿಯಮ ವಿಧಿಸುವುದರ ಬದಲು ಮಾರುಕಟ್ಟೆಯ ರಚನೆಯನ್ನೇ ಬದಲಿಸುವ ಪ್ರಯತ್ನ ಭಾರತದ ಒಎನ್‌ಡಿಸಿ, ಅಂದರೆ ಡಿಜಿಟಲ್ ವಾಣಿಜ್ಯದ ಮುಕ್ತ ಜಾಲ. ಕೇಂದ್ರ ಸರ್ಕಾರದ ಉದ್ಯಮ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಆಶ್ರಯದಲ್ಲಿ 2021ರ ಡಿಸೆಂಬರ್‌ನಲ್ಲಿ ಇದು ಲಾಭರಹಿತ ಕಂಪನಿಯಾಗಿ ನೋಂದಣಿಯಾಯಿತು. 2022ರ ಏಪ್ರಿಲ್‌ನಲ್ಲಿ ಬೆಂಗಳೂರು, ದೆಹಲಿ, ಭೋಪಾಲ್, ಶಿಲ್ಲಾಂಗ್ ಮತ್ತು ಕೊಯಮತ್ತೂರುಗಳಲ್ಲಿ ಪ್ರಾಯೋಗಿಕ ಹಂತ ಆರಂಭವಾಯಿತು. 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್ ಪ್ರದೇಶಗಳಲ್ಲಿ ಸಾರ್ವಜನಿಕರಿಗೆ ಮೊದಲು ತೆರೆಯಲಾಯಿತು.

ಬೆಕ್ನ್ ಎಂಬ ಮುಕ್ತ ಸಂವಹನ ನಿಯಮವನ್ನು ಆಧರಿಸಿದ ಈ ಜಾಲದಲ್ಲಿ ಕೊಳ್ಳುವವರ ಆ್ಯಪ್ ಬೇರೆ, ಮಾರುವವರ ಆ್ಯಪ್ ಬೇರೆ. ಒಂದು ಮಾರಾಟ ಆ್ಯಪ್‌ನಲ್ಲಿ ಸರಕಿನ ಪಟ್ಟಿ ಹಾಕಿದವರು ಜಾಲದ ಹಲವು ಖರೀದಿ ಆ್ಯಪ್‌ಗಳಲ್ಲಿ ಕಾಣಿಸಿಕೊಳ್ಳಬಹುದು. ಯಾವುದೇ ಬ್ಯಾಂಕಿನ ಖಾತೆಯಿಂದ ಯಾವುದೇ ಬ್ಯಾಂಕಿಗೆ ಯುಪಿಐ ಮೂಲಕ ಹಣ ಹೋಗುವುದಕ್ಕೆ ಇದನ್ನು ಹೋಲಿಸಲಾಗುತ್ತದೆ. ಬೆಂಗಳೂರಿನ ಆಟೋ ಚಾಲಕರಲ್ಲಿ ಜನಪ್ರಿಯವಾದ ನಮ್ಮ ಯಾತ್ರಿ ಆ್ಯಪ್ 2023ರಲ್ಲಿ ಈ ಜಾಲಕ್ಕೆ ಸೇರಿತು.

ಹೋಲಿಕೆಗೆ ಮಿತಿಯಿದೆ. ಹಣ ಎಲ್ಲ ಕಡೆಯೂ ಒಂದೇ, ಸರಕು ಹಾಗಲ್ಲ. ಹಾಳಾದ ಅಥವಾ ತಪ್ಪಾದ ಸರಕು ಬಂದಾಗ ಖರೀದಿ ಆ್ಯಪ್, ಮಾರಾಟ ಆ್ಯಪ್, ಸಾಗಣೆದಾರ, ಅಂಗಡಿ ಇವರಲ್ಲಿ ಯಾರು ಹೊಣೆಯೆಂಬ ಪ್ರಶ್ನೆ ಏಳುತ್ತದೆ. ಒಂದೇ ವೇದಿಕೆಯಲ್ಲಾದರೆ ದೂರುವುದಕ್ಕೆ ಒಂದೇ ಬಾಗಿಲಿರುತ್ತದೆ. ಆರಂಭದ ದಿನಗಳಲ್ಲಿ ಪ್ರೋತ್ಸಾಹಧನದಿಂದ ದೊರೆತ ರಿಯಾಯಿತಿಗಳು ಗ್ರಾಹಕರನ್ನು ಸೆಳೆದವು. ರಿಯಾಯಿತಿಯಿಲ್ಲದೆ ಅವರನ್ನು ಉಳಿಸಿಕೊಳ್ಳುವುದು ಈ ಜಾಲದ ಮುಖ್ಯ ಸವಾಲಾಗಿದೆ.

ಸಹಕಾರದ ಪೂರ್ವ ನಿದರ್ಶನ

ಹೊರಗಿನ ಖರೀದಿದಾರರನ್ನೇ ನೆಚ್ಚುವುದರ ಅಪಾಯ ಕರ್ನಾಟಕಕ್ಕೆ ಅಂತರಜಾಲಕ್ಕಿಂತ ಮೊದಲೇ ಪರಿಚಿತ. ಅಡಿಕೆ ಬೆಲೆಯ ಕುಸಿತದಿಂದ ಕಂಗೆಟ್ಟ ಬೆಳೆಗಾರರು 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಅದರ ಸದಸ್ಯರು. ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಬೆಳೆಸಿದ ಕೋಕೋ 1980ರ ಆಸುಪಾಸಿನಲ್ಲಿ ಬೆಲೆ ಕಳೆದುಕೊಂಡು, ಖಾಸಗಿ ಖರೀದಿದಾರರು ಹಿಂದೆ ಸರಿದಾಗ, ಕ್ಯಾಂಪ್ಕೊ ಖರೀದಿಗೆ ಮುಂದಾಯಿತು. ಕೋಕೋ ಬೀಜವನ್ನು ಕೊಂಡಿಟ್ಟರೆ ಸಾಲದು, ಅದಕ್ಕೆ ಇನ್ನೊಂದು ದಾರಿಯೂ ಬೇಕು ಎಂಬ ಅರಿವಿನಿಂದ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ಆನ್‌ಲೈನ್ ಮಾರಾಟಗಾರರ ಸ್ಥಿತಿ ಇದಕ್ಕೆ ಸಂಪೂರ್ಣ ಸಮಾನವಲ್ಲ. ವೇದಿಕೆಯು ಸರಕನ್ನು ಕೊಳ್ಳುವುದಿಲ್ಲ, ಕೊಳ್ಳುವವರನ್ನು ತೋರಿಸುತ್ತದೆ. ಆದರೂ ಒಂಟಿ ವ್ಯಾಪಾರಿಗೆ ಕೈಗೆಟುಕದ ಗೋದಾಮು, ಜಾಹೀರಾತು, ಬ್ರಾಂಡ್ ಮುಂತಾದವನ್ನು ಹಲವರು ಸೇರಿ ಕಟ್ಟಬಹುದೆಂಬುದಕ್ಕೆ ಇದು ನಿದರ್ಶನ. ಇಳಕಲ್ ಸೀರೆಯಂತಹ ಭೌಗೋಳಿಕ ಸೂಚಕ ಪಡೆದ ಸರಕುಗಳಿಗೆ ಹೆಸರು ಈಗಾಗಲೇ ಸಮುದಾಯದ ಆಸ್ತಿಯಾಗಿರುವುದರಿಂದ ಇಂತಹ ಸಾಮೂಹಿಕ ಮಾರಾಟಕ್ಕೆ ಆಧಾರವಿದೆ.

ಮಿತಿಗಳು ಮತ್ತು ಟೀಕೆಗಳು

ವೇದಿಕೆಗಳ ಪರವಾದ ವಾದವೂ ಬಲವಾದುದೇ. ಊರಿನ ಆಚೆ ಗ್ರಾಹಕರೇ ಇಲ್ಲದಿದ್ದ ಕುಶಲಕರ್ಮಿಗೆ ದೇಶವ್ಯಾಪಿ ಮಾರುಕಟ್ಟೆಯನ್ನು ಅವು ತೆರೆದಿವೆ. ಅಪರಿಚಿತ ಮಾರಾಟಗಾರರಿಂದ ಕೊಳ್ಳಲು ಗ್ರಾಹಕರು ಧೈರ್ಯ ಮಾಡುವುದು ವೇದಿಕೆಯ ಮರುಪಾವತಿಯ ಭರವಸೆಯಿಂದ. ಶುಲ್ಕದ ಒಂದು ಭಾಗ ಈ ನಂಬಿಕೆಯ ಬೆಲೆ.

ವೇದಿಕೆಯನ್ನು ಬಿಟ್ಟವರು ಮತ್ತೊಂದು ಅವಲಂಬನೆಗೆ ಸಿಲುಕುವ ಸಂಭವವೂ ಇದೆ. ಸ್ವಂತ ತಾಣಕ್ಕೆ ಗ್ರಾಹಕರನ್ನು ಕರೆತರಲು ಗೂಗಲ್, ಮೆಟಾ ಕಂಪನಿಗಳ ಜಾಹೀರಾತನ್ನೇ ನೆಚ್ಚಿದರೆ ಒಡೆಯರು ಬದಲಾಗುತ್ತಾರೆಯೇ ಹೊರತು ಸ್ಥಿತಿ ಬದಲಾಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯು ಬಳಕೆದಾರರ ಅನುಮತಿಯಿಲ್ಲದೆ ಆ್ಯಪ್‌ಗಳು ಅವರ ಚಲನವಲನ ಗಮನಿಸದಂತೆ ನಿರ್ಬಂಧಿಸಿದಾಗ, ಸಾಮಾಜಿಕ ಮಾಧ್ಯಮದ ಜಾಹೀರಾತು ನಂಬಿದ್ದ ನೇರ ಮಾರಾಟಗಾರರು ಗ್ರಾಹಕರನ್ನು ಗುರುತಿಸಲು ಕಷ್ಟಪಟ್ಟರು. ದೊಡ್ಡ ಹೆಸರುಳ್ಳವರಿಗೂ ಹೊರನಡೆಯುವುದು ಸುಲಭವಾಗಿಲ್ಲ. 2019ರಲ್ಲಿ ಅಮೆಜಾನ್‌ಗೆ ನೇರ ಮಾರಾಟ ನಿಲ್ಲಿಸಿದ ನೈಕಿ ಕಂಪನಿ 2025ರಲ್ಲಿ ಅಮೆರಿಕದಲ್ಲಿ ಮತ್ತೆ ಅಲ್ಲಿಗೆ ಮರಳುವುದಾಗಿ ಪ್ರಕಟಿಸಿತು.

ಸಣ್ಣ ವ್ಯಾಪಾರಿಗಳ ಪಾಲಿಗೆ ವೇದಿಕೆ ಬಿಟ್ಟರೆ ಗ್ರಾಹಕರಿಲ್ಲ, ಉಳಿದರೆ ಸ್ವಾತಂತ್ರ್ಯವಿಲ್ಲ ಎಂಬ ಅತ್ತ ದರಿ ಇತ್ತ ಪುಲಿ ಎಂಬಂತಹ ಸ್ಥಿತಿ ಒಂದೇ ಕ್ರಮದಿಂದ ಪರಿಹಾರವಾಗುವಂತಹುದಲ್ಲ. ಹೆಸರು, ಗ್ರಾಹಕರ ಪಟ್ಟಿ, ದಾಸ್ತಾನಿನ ಒಂದು ಭಾಗ ಮತ್ತು ಕೆಲವು ತಿಂಗಳ ಖರ್ಚಿನ ಹಣ, ಈ ನಾಲ್ಕನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಮಾರಾಟಗಾರರಿಗೆ ಸಾಧ್ಯವಿರುವ ರಕ್ಷಣೆ. ಕಾರಣ ಸಹಿತವಾದ ನೋಟಿಸ್, ತ್ವರಿತ ಮೇಲ್ಮನವಿ, ಬೇರೆಡೆ ಬೆಲೆ ಇಳಿಸುವ ಸ್ವಾತಂತ್ರ್ಯ ಇವು ಕಾನೂನಿನಿಂದ ಮಾತ್ರ ದೊರೆಯಬಲ್ಲವು. ಭಾರತದಲ್ಲಿ ಮೊದಲನೆಯ ಬಗೆಯ ಸಾಧನಗಳು ಅಗ್ಗವಾಗುತ್ತ ಬಂದಿದ್ದರೂ ಎರಡನೆಯ ಬಗೆಯ ರಕ್ಷಣೆಗಳು ಬಹುಮಟ್ಟಿಗೆ ತನಿಖೆ, ಮೊಕದ್ದಮೆ ಮತ್ತು ಕರಡುಗಳಲ್ಲಿ ಚರ್ಚೆಯ ವಿಷಯವಾಗಿವೆ.